ಪೆನಾಂಗಿನಲ್ಲಿ ಬಿಡಿಸದೆ ಉಳಿದ ಕಣ್ಣು

ಶಿಕಾರಿಪುರ, ಹೊರಡುವ ಮುಂಚೆ

ವಿದೇಶಕ್ಕೆ ಹೋಗುವಷ್ಟು ದೊಡ್ಡ ಮನುಷ್ಯ ನಾನಲ್ಲ. ನನ್ನನ್ನು ಅಲ್ಲಿಗೆ ಕಳಿಸಿದ್ದು ನಮ್ಮ ತಾಲ್ಲೂಕಿನ ಗೋಡೆಗಳು. ಶಿಕಾರಿಪುರದಲ್ಲಿ ನನ್ನದೊಂದು ಪೇಂಟ್ ಅಂಗಡಿ ಇದೆ. ಹೋದ ವರ್ಷ ಬಳ್ಳಿಗಾವಿ ಕಡೆಯ ಯಜಮಾನರೊಬ್ಬರು ಹೊಸ ಮನೆಗೆ ಒಂದು ಬಗೆಯ ಗುಲಾಬಿ ಬಣ್ಣ ಹೊಡೆಸಿದರು. ಅದನ್ನು ನೋಡಿ ಅವರ ತಮ್ಮ, ತಮ್ಮನ ಬೀಗರು, ಬೀಗರ ಎದುರು ಮನೆಯವರು, ಹೀಗೆ ರಸ್ತೆಯ ಉದ್ದಕ್ಕೂ ಅದೇ ಬಣ್ಣ ಹಬ್ಬಿತು. ಆ ಬಣ್ಣ ಚೆನ್ನಾಗಿಲ್ಲವೆಂದು ನನಗೆ ಗೊತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ವರ್ಷದ ಕೊನೆಗೆ ಕಂಪನಿಯವರ ಕಣ್ಣಿಗೆ ನಾನು ಭಾರಿ ವ್ಯಾಪಾರಸ್ಥನಂತೆ ಕಂಡು, ಗಂಡ ಹೆಂಡತಿ ಇಬ್ಬರಿಗೂ ಮಲೇಷ್ಯಾ ಪ್ರವಾಸ ಸಿಕ್ಕಿತು.

ನಮ್ಮ ಜಿಲ್ಲೆಯ ಉಳಿದ ಡೀಲರುಗಳೆಲ್ಲ ಮೊದಲ ತಂಡದಲ್ಲಿ ಹೋಗಿ ಬಂದರು. ನನ್ನ ಹೆಂಡತಿಯ ಹೆಸರು ಶಾಲೆಯ ದಾಖಲೆಯಲ್ಲಿ ಗಿರಿಜಾ, ಆಧಾರ್ ಕಾರ್ಡಿನಲ್ಲಿ ಗಿರಿಜಮ್ಮ, ಮತದಾರರ ಪಟ್ಟಿಯಲ್ಲಿ ಗಿರಿಜವ್ವ. ಈ ಮೂವರೂ ಒಬ್ಬಳೇ ಎಂದು ಸಾಬೀತುಪಡಿಸುವಷ್ಟರಲ್ಲಿ ಪಾಸ್‌ಪೋರ್ಟ್ ತಡವಾಯಿತು. ಕೊನೆಗೆ ನಾವಿಬ್ಬರು ಮಹಾರಾಷ್ಟ್ರದ ಡೀಲರುಗಳ ತಂಡಕ್ಕೆ ಸೇರ್ಪಡೆಯಾದೆವು. ನಲವತ್ತು ಜನರ ನಡುವೆ ಕನ್ನಡ ಬಲ್ಲವರು ನಾವಿಬ್ಬರೇ. ಇದು ಅನಾನುಕೂಲವೆಂದು ಆಗ ಅನ್ನಿಸಿತ್ತು.

ಗಿರಿಜಾ ಸೊರಬ ತಾಲ್ಲೂಕಿನ ಹೊಸಬಾಳೆಯವಳು. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಎಲ್ಲ ಕಟ್ಟಿಕೊಂಡಳು. ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ ಅಧಿಕಾರಿಣಿಯೊಬ್ಬಳು ಅನುಮಾನದಿಂದ ಗುರೆಳ್ಳು ಪುಡಿಯ ಡಬ್ಬಿ ತೆರೆದು ಮೂಗಿಗೆ ಹಿಡಿದಳು. ಆಮೇಲೆ ಒಂದೇ ಸಮ ಸೀನಿದಳು. ಸೀನುತ್ತಲೇ ಹೋಗಿ ಹೋಗಿ ಎಂದು ಕೈ ಮಾಡಿದಳು.

ಕೌಲಾಲಂಪುರ, ಎರಡು ದಿನ

ಅಲ್ಲಿನ ಜೋಡಿ ಗೋಪುರಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಕತ್ತು ನೋಯುವವರೆಗೆ ನೋಡಿದೆ. ಗಿರಿಜಾ ಕೇಳಿದ್ದು ಒಂದೇ ಮಾತು.

"ರೀ, ಇದಕ್ಕೆ ಬಣ್ಣ ಹೊಡಿಯಕ್ಕೆ ಎಷ್ಟು ಡಬ್ಬ ಬೇಕಾಗ್ತವೆ?"

"ಇದಕ್ಕೆ ಬಣ್ಣ ಇಲ್ಲ. ಪೂರ್ತಿ ಗಾಜು, ಸ್ಟೀಲು."

"ಹಂಗಾರೆ ಕಂಪನಿಯೋರು ನಮಗೆ ಎಂತಕ್ಕೆ ತೋರಿಸ್ತಿದಾರೆ?"

ಮೂರನೇ ದಿನ ಬಸ್ಸು ಹತ್ತಿ ಉತ್ತರಕ್ಕೆ, ಪೆನಾಂಗ್ ಎಂಬ ದ್ವೀಪಕ್ಕೆ ಹೊರಟೆವು.

ಪೆನಾಂಗ್, ಬುಧವಾರ ಮಧ್ಯಾಹ್ನ

ನಾವು ಇಳಿದುಕೊಂಡಿದ್ದ ಹೋಟೆಲಿನ ಹಿಂದಿನ ಬೀದಿಯಲ್ಲಿ ಒಂದು ಟಾಕೀಸು ಕಂಡಿತು. ಕಬ್ಬಿಣದ ಸರಳಿನ ಟಿಕೆಟ್ ಕಿಟಕಿ, ಅದರ ಮುಂದೆ ಕ್ಯೂ ನಿಲ್ಲಲು ಕೊಳವೆಯ ಕಟಕಟೆ, ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಂಟಿಸಿದ ಫೋಟೋಗಳು. ನಮ್ಮೂರಿನ ಟಾಕೀಸು ಗೋಡೌನ್ ಆಗಿ ಎಷ್ಟೋ ವರ್ಷವಾಯಿತು. ನನಗೆ ಕಾಲು ನಿಲ್ಲಲಿಲ್ಲ. ಕಿಟಕಿಯಲ್ಲಿ ಎರಡು ಬೆರಳು ತೋರಿಸಿ "ಬಾಲ್ಕನಿ" ಎಂದೆ. ಒಳಗಿದ್ದ ಹುಡುಗಿ ನಕ್ಕು ಎರಡು ಚೀಟಿ ಹರಿದು ಕೊಟ್ಟಳು. ನಡು ಹಗಲಲ್ಲಿ ಟಾರ್ಚ್ ಬಿಟ್ಟುಕೊಂಡು ಇನ್ನೊಬ್ಬಳು ಮುಂದೆ ನಡೆದಳು.

ಒಳಗೆ ಹೋದರೆ ಅದು ಹೋಟೆಲ್. ಅಮೆರಿಕದಲ್ಲಿ ರಸ್ತೆ ಬದಿಯ ಸಣ್ಣ ಹೋಟೆಲಿಗೆ ಡೈನರ್ ಎನ್ನುತ್ತಾರಂತೆ. ಇದು ಅಂಥದ್ದರ ವೇಷ. ನೆಲಕ್ಕೆ ಚದುರಂಗದ ಹಾಸಿನಂತೆ ಕಪ್ಪು ಬಿಳಿ ಚೌಕ, ಕೆಂಪು ರೆಕ್ಸಿನ್ನಿನ ಸೋಫಾ, ಕೌಂಟರಿನ ಮುಂದೆ ತಿರುಗುವ ಎತ್ತರದ ಸ್ಟೂಲು, ಮೂಲೆಯಲ್ಲಿ ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ. ಅದಕ್ಕೆ ನಮ್ಮ ಕಡೆಯಂಥ ಟಾಕೀಸಿನ ಸಾಮಾನನ್ನೂ ಬೆರೆಸಿದ್ದರು. ತಿಂಡಿಯ ಪಟ್ಟಿ ರೀಲಿನ ಡಬ್ಬಿಯ ಮುಚ್ಚಳದ ಮೇಲಿತ್ತು. ಹಿಂದಿನ ಗೋಡೆಯ ತೂತಿನಿಂದ ಪ್ರೊಜೆಕ್ಟರಿನ ಬೆಳಕು ಬಂದು ಎದುರು ಗೋಡೆಯ ಮೇಲೆ ಯಾವುದೋ ಹಳೆಯ ಮೂಕಿ ಚಿತ್ರ ಓಡುತ್ತಿತ್ತು.

ಆ ಬೆಳಕು ನಾವು ನಡೆಯುವ ದಾರಿಗೆ ಅಡ್ಡವಾಗಿ ಎದೆಯೆತ್ತರಕ್ಕೆ ಹಾದಿತ್ತು. ನಾನು ಯೋಚಿಸಲೇ ಇಲ್ಲ. ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ಕೈ ಮುಂದೆ ಚಾಚಿ, ಬೆಳಕಿನ ಅಡಿಯಲ್ಲಿ ನುಸುಳಿದೆ. ನನ್ನ ಹಿಂದೆ ಗಿರಿಜಾ ಸೆರಗು ಎಳೆದುಕೊಂಡು ನನಗಿಂತ ಬಗ್ಗಿ ಬಂದಳು. ಬಗ್ಗದೆ ಹೋದರೆ ಹಿಂದಿನ ಬೆಂಚಿನಿಂದ ಬೈಗುಳ ಬರುತ್ತದೆ ಎನ್ನುವುದು ನಮ್ಮ ಮೈಗೆ ಗೊತ್ತು. ಕುಳಿತು ನೋಡಿದರೆ ಉಳಿದವರೆಲ್ಲ ನೆಟ್ಟಗೆ ನಡೆದು, ಗೋಡೆಯ ಮೇಲೆ ತಮ್ಮ ನೆರಳು ಬಿದ್ದಿದ್ದಕ್ಕೆ ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಪಕ್ಕದ ಟೇಬಲ್ಲಿನವರು ನಮ್ಮನ್ನೂ ಹೊಡೆದುಕೊಂಡರು.

ನಾನು ಪೇಂಟಿನವನು, ಆದ್ದರಿಂದ ಮೊದಲು ಕುರ್ಚಿಯ ಕಾಲು ನೋಡಿದೆ. ತುಕ್ಕು ಹಿಡಿದಿತ್ತು. ಉಗುರಿನಿಂದ ಕೆರೆದೆ. ತುಕ್ಕಲ್ಲ, ತುಕ್ಕಿನ ಬಣ್ಣ. ಹೊಸ ಕಬ್ಬಿಣಕ್ಕೆ ಸ್ಪಂಜಿನಲ್ಲಿ ಒತ್ತಿ ಒತ್ತಿ ಹಚ್ಚಿದ್ದರು. ಗೋಡೆಯಲ್ಲಿ ಗಾರೆ ಬಿದ್ದು ಇಟ್ಟಿಗೆ ಕಾಣುತ್ತಿತ್ತು, ಆ ಇಟ್ಟಿಗೆಯೂ ಬಣ್ಣದ್ದೇ. ಜೀವಮಾನವೆಲ್ಲ ನಾನು ತುಕ್ಕು ಮುಚ್ಚುವ ಡಬ್ಬಿ ಮಾರಿದ್ದೇನೆ. ಇಲ್ಲಿ ತುಕ್ಕನ್ನೇ ಡಬ್ಬಿಯಿಂದ ತೆಗೆದು ಹಚ್ಚುವವರನ್ನು ಕಂಡು ನನಗೆ ನನ್ನ ವ್ಯಾಪಾರದ ಅರ್ಧ ಭಾಗ ತಪ್ಪಿಹೋದ ಹಾಗೆ ಹೊಟ್ಟೆ ಉರಿಯಿತು.

ಗಿರಿಜಾ ಮೂಲೆಗಳನ್ನು ಪರೀಕ್ಷಿಸಿದಳು. "ಒಂದು ಮೂಲೇಲೂ ಎಲೆ ಅಡಿಕೆ ಉಗುಳಿಲ್ಲ. ಇದೆಂಥ ಟಾಕೀಸು?" ಎಂದಳು. ಮಂಡಕ್ಕಿ ಮೆಣಸಿನಕಾಯಿ ಇದೆಯೇ ಎಂದು ಟಾರ್ಚಿನ ಹುಡುಗಿಯನ್ನು ಕನ್ನಡದಲ್ಲೇ ಕೇಳಿದಳು. ಆ ಹುಡುಗಿ ತುಂಬ ವಿನಯದಿಂದ ಒಂದು ಮೊಳ ಎತ್ತರದ ಲೋಟದಲ್ಲಿ ಐಸ್‌ಕ್ರೀಮ್ ಹಾಲು ತಂದಿಟ್ಟಳು. ಅದನ್ನು ಹೀರಲು ಕೊಟ್ಟ ಕೊಳವೆಯಲ್ಲಿ ಹಾಲು ಮೇಲೆ ಬರಲಿಲ್ಲ. ಅಷ್ಟರಲ್ಲಿ ಗಣಗಣ ಗಂಟೆ ಹೊಡೆದು ದೀಪಗಳೆಲ್ಲ ಹತ್ತಿದವು. ಗಂಟೆಗೊಮ್ಮೆ ಇಂಟರ್ವಲ್ ಕೊಡುವುದು ಆ ಹೋಟೆಲಿನ ಒಂದು ತಮಾಷೆ. ನಾವಿಬ್ಬರೂ ಲೋಟ ಬಿಟ್ಟು ದಡಕ್ಕನೆ ಎದ್ದು ನಿಂತೆವು. ನಾನು ಹೊರಗೆ ಓಡಲು ಬಾಗಿಲು ಹುಡುಕಿದೆ. ಎದ್ದವರು ನಾವಿಬ್ಬರೇ.

ಆಗಲೇ ಮಾಲೀಕ ಬಂದದ್ದು. ಸೆಲ್ವಂ ಎಂದು ಹೆಸರು, ನನ್ನ ವಯಸ್ಸಿನ ತಮಿಳು ಮನುಷ್ಯ, ದಪ್ಪ ಹೊಟ್ಟೆಗೆ ಒಪ್ಪುವ ಹೂವಿನ ಅಂಗಿ. ಅವನ ತಮಿಳು ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಅಂಗಡಿ ಇಂಗ್ಲಿಷು ಅವನಿಗೆ ಕಾಲು ಭಾಗ. ಉಳಿದದ್ದನ್ನು ಕೈಗಳು ಮಾತಾಡಿದವು. ಬೆಳಕಿಗೆ ಬಗ್ಗುವವರನ್ನು ನೋಡಿ ಎಷ್ಟೋ ವರ್ಷವಾಯಿತು ಎಂದ. ಅವನ ತಂದೆ ಅದೇ ಜಾಗದಲ್ಲಿದ್ದ ನಿಜವಾದ ಟಾಕೀಸಿನಲ್ಲಿ ಟಿಕೆಟ್ ಹರಿಯುವ ಕೆಲಸದಲ್ಲಿದ್ದನಂತೆ. ಅದನ್ನು ಕೆಡವಿದ ಮೇಲೆ ಸೆಲ್ವಂ ಇದನ್ನು ಕಟ್ಟಿದ.

"ಅಮೆರಿಕಕ್ಕೆ ಹೋಗಿದ್ರಾ?" ಎಂದು ಕೇಳಿದೆ.

ಇಲ್ಲ ಎಂದ. ಡೈನರ್ ಹೇಗಿರುತ್ತದೆ ಎನ್ನುವುದನ್ನೆಲ್ಲ ಅವನು ಸಿನಿಮಾದಲ್ಲಿ ನೋಡಿ ಕಟ್ಟಿದ್ದು. ಸ್ಟೂಲಿನ ಎತ್ತರ ತಿಳಿಯಲು ಒಂದೇ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದನಂತೆ. ಅಮೆರಿಕದ ಪ್ರವಾಸಿಗಳು ಬಂದು, ನಮ್ಮ ಅಜ್ಜನ ಊರಿನಲ್ಲಿ ಹೀಗೇ ಇತ್ತು ಎಂದು ಕಣ್ಣೊರೆಸಿಕೊಳ್ಳುತ್ತಾರೆ. "ಅವರೂ ಸಿನಿಮಾದಲ್ಲೇ ನೋಡಿರಬೇಕು," ಎಂದು ಸೆಲ್ವಂ ನಕ್ಕ.

ನಗುತ್ತಲೇ ನನ್ನ ಕಡೆ ತಿರುಗಿ, ನೀವು ಟಾಕೀಸಿನವರಾ ಎಂದು ಕೇಳಿದ. ನಾನು ಬಾಯಿ ತೆರೆಯುವ ಮುಂಚೆ ಗಿರಿಜಾ ಎದ್ದು ನಿಂತಳು. ಒಂದು ಕೈಯಲ್ಲಿ ನನ್ನನ್ನು ತೋರಿಸಿ, ಇನ್ನೊಂದರಲ್ಲಿ ಗಾಳಿಯಲ್ಲಿ ದೊಡ್ಡ ಮುಖ ಬರೆದು, ಕೊನೆಗೆ ಎರಡು ಬೆರಳಿನಿಂದ ತನ್ನ ಕಣ್ಣು ಮುಟ್ಟಿಕೊಂಡು ಹೇಳಿದಳು.

"ಆರ್ಟಿಸ್ಟ್. ಸಿನಿಮಾ ಬ್ಯಾನರ್. ಬಿಗ್ ಫೇಸ್. ಐ, ಐ."

ಅದೇ ದಿನ, ನನ್ನ ವಿಷಯ

ಇಲ್ಲಿ ಪ್ರವಾಸವನ್ನು ಸ್ವಲ್ಪ ನಿಲ್ಲಿಸಿ, ಒಂದು ಮಾತನ್ನು ಒಪ್ಪಿಕೊಳ್ಳಬೇಕು.

ಪೇಂಟ್ ಅಂಗಡಿ ಇಡುವ ಮುಂಚೆ ನಾನು ಬ್ಯಾನರ್ ಕೆಲಸದಲ್ಲಿದ್ದದ್ದು ನಿಜ. ಶಿಕಾರಿಪುರ, ಸೊರಬ ಎರಡೂ ಕಡೆಯ ಟಾಕೀಸುಗಳಿಗೆ ಬ್ಯಾನರ್ ಮಾಡುತ್ತಿದ್ದವರು ಈಶ್ವರಾಚಾರ್ ಎಂಬ ಹಿರಿಯರು. ಹನ್ನೊಂದು ವರ್ಷ ಅವರ ಕೈಕೆಳಗೆ ಇದ್ದೆ. ಬಟ್ಟೆಗೆ ಚೌಕಳಿ ಹಾಕುವುದು, ಆಕಾಶ ತುಂಬುವುದು, ಸಿನಿಮಾದ ಹೆಸರು ಬರೆಯುವುದು ನನ್ನ ಪಾಲು. ಇವುಗಳ ಜೊತೆಗೆ ರಕ್ತ. ಹೀರೋನ ಹಣೆಯಿಂದ, ವಿಲನ್ನಿನ ಕತ್ತಿಯಿಂದ ಎಲ್ಲೆಲ್ಲಿ ರಕ್ತ ಸುರಿಯಬೇಕೋ ಅಲ್ಲೆಲ್ಲ ನಾನೇ ಸುರಿಸುತ್ತಿದ್ದೆ. ಆದರೆ ಮುಖ ಅವರದು. ಅದರಲ್ಲೂ ಕಣ್ಣು.

ಆಚಾರ್ರದು ದೇವರ ಮೂರ್ತಿ ಕಡೆಯುವ ಮನೆತನ. ಮೂರ್ತಿಗೆ ಕೊನೆಯಲ್ಲಿ ಕಣ್ಣು ತೆರೆಸುವ ಹಾಗೆ ಬ್ಯಾನರಿಗೂ ಕೊನೆಯಲ್ಲೇ ಕಣ್ಣು. ಸಿನಿಮಾ ಬಿಡುಗಡೆಯಾಗುವ ದಿನ ಬೆಳಿಗ್ಗೆ ಟಾಕೀಸಿನ ಮಾಲೀಕರು ಕಾಯಿ ಒಡೆಯಬೇಕು, ಆಮೇಲೆ ಎಲ್ಲರೂ ಹೊರಗೆ ಹೋಗಬೇಕು, ಆಚಾರ್ರು ಒಬ್ಬರೇ ಒಳಗೆ ಅಗಳಿ ಹಾಕಿಕೊಂಡು ಕಣ್ಣು ಬಿಡಿಸುತ್ತಿದ್ದರು. ನಾನು ಕೆಂಪು ಬಣ್ಣದ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಅವರು ಕಣ್ಣು ಬಿಡಿಸುವುದನ್ನು ಒಂದು ಸಲವೂ ನಾನು ನೋಡಿಲ್ಲ. ಬಾಗಿಲು ತೆರೆದಾಗ ಆ ಹೀರೋ ಸೀದಾ ನಮ್ಮನ್ನೇ ನೋಡುತ್ತಿರುತ್ತಿದ್ದ. ಸೊರಬದ ಬಸ್ ಸ್ಟ್ಯಾಂಡಿನ ಎದುರು ಅವರ ಒಂದು ಬ್ಯಾನರ್ ನಿಂತಿತ್ತು. ನೀವು ಸಾಗರದ ಬಸ್ಸು ಹತ್ತಿದರೂ, ಶಿರಾಳಕೊಪ್ಪದ ಬಸ್ಸು ಹತ್ತಿದರೂ ಆ ಕಣ್ಣು ನಿಮ್ಮ ಹಿಂದೆಯೇ ಬರುತ್ತಿತ್ತು.

ಹೊಸಬಾಳೆಗೆ ಹೆಣ್ಣು ನೋಡಲು ಹೋದಾಗ ನಮ್ಮ ಸೋದರಮಾವ, "ಸೊರಬದ ಟಾಕೀಸಿನ ಬ್ಯಾನರ್ ಮಾಡಿದೋನು ಇವನೇ ನೋಡ್ರಿ," ಎಂದುಬಿಟ್ಟ. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಹುಡುಗಿ ತಲೆಯೆತ್ತಿ, "ಆ ಕಣ್ಣು ಬಿಡಿಸಿದೋರು ನೀವಾ?" ಎಂದು ಕೇಳಿದಳು. ಅವಳ ಮುಖ ಅಷ್ಟು ಬೆಳಗಿತ್ತು. ನಾನು ತಲೆಯಾಡಿಸಿದೆ. ಬಾಯಿಯಿಂದ ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ತಲೆಯಾಟಕ್ಕೆ ಈಗ ಮೂವತ್ತೆರಡು ವರ್ಷ. ಈ ನಡುವೆ ಅವಳು ಅಕ್ಕನಿಗೆ, ನಾದಿನಿಯರಿಗೆ, ಮಕ್ಕಳಿಗೆ, ಬಂದ ಬೀಗರಿಗೆಲ್ಲ ಆ ಕಣ್ಣಿನ ಕಥೆ ಹೇಳಿದ್ದಾಳೆ. ಒಂದು ಸಲವಾದರೂ ತಿದ್ದಬಹುದಿತ್ತು. ಪ್ರತಿ ಸಲವೂ ನಾನು ಚಹಾ ಕುಡಿಯುತ್ತ ಕೂತಿದ್ದೆ.

ಈಗ ಪೆನಾಂಗಿನಲ್ಲಿ ಸೆಲ್ವಂ ನನ್ನ ಎರಡೂ ಕೈ ಹಿಡಿದುಕೊಂಡಿದ್ದ. ಬಾಗಿಲಿನ ಮೇಲೆ ಹನ್ನೆರಡು ಅಡಿಯ ಹಲಗೆ ಬಿಳಿ ಬಣ್ಣ ಹೊಡೆಸಿಕೊಂಡು ಖಾಲಿ ನಿಂತಿತ್ತು. ಅಲ್ಲಿನ ಕೊನೆಯ ಬ್ಯಾನರ್ ಕಲಾವಿದ ತೀರಿಕೊಂಡ ಮೇಲೆ ಯಾರೂ ಸಿಕ್ಕಿಲ್ಲ, ಫ್ಲೆಕ್ಸ್ ಹಾಕಲು ಮನಸ್ಸು ಒಪ್ಪುತ್ತಿಲ್ಲ, ಇಂಥವರೇ ಅಂತಿಲ್ಲ, ಹಳೆಯ ಕಾಲದ ಒಬ್ಬ ಹೀರೋ ಆದರೆ ಸಾಕು, ನೀವು ದೇವರ ಹಾಗೆ ಬಂದಿರಿ ಎಂದ.

ಬ್ರಷ್ ಇಲ್ಲ ಎಂದೆ. ಅವನು ಒಂದು ಕಟ್ಟು ಬ್ರಷ್ ತಂದ. ಬಣ್ಣ ಎಂದೆ. ಎನಾಮಲ್ಲಿನ ಡಬ್ಬಿಗಳನ್ನು ಸಾಲಾಗಿ ಇಟ್ಟ. ಅವು ನಮ್ಮ ಕಂಪನಿಯ ಎದುರಾಳಿ ಕಂಪನಿಯವು. ನಮ್ಮ ಕಂಪನಿಯ ಉಪ್ಪು ತಿಂದು ಅವರ ಬಣ್ಣ ಮುಟ್ಟುವುದು ಧರ್ಮವಲ್ಲ ಎಂದು ಗಂಭೀರವಾಗಿ ಹೇಳಿದೆ.

"ಅಂಗ್ಡೀಲಿ ನಮ್ ಕಂಪನಿ ಡಬ್ಬ ಖಾಲಿ ಆದಾಗ ಇವ್ರದ್ದೇ ತಂದು ಮಾರ್ತೀರಲ್ಲ," ಎಂದಳು ಗಿರಿಜಾ. "ಸುಮ್ನೆ ಏಳ್ರಿ. ನಾ ಕಣ್ಣಾರೆ ಒಂದ್ಸಲ ನೋಡ್ಬೇಕು."

ಗುರುವಾರ

ಅಂದು ತಂಡದವರೆಲ್ಲ ಬೆಟ್ಟದ ರೈಲು ಹತ್ತಿ ತಂಪಿಗೆ ಹೋದರು. ನಾನು ಬಿಸಿಲಿನಲ್ಲಿ ಅಟ್ಟಣೆ ಹತ್ತಿದೆ. ಕೆಳಗೆ ಕೆಂಪು ಸ್ಟೂಲೊಂದನ್ನು ಹೊರಗೆ ಹಾಕಿಸಿಕೊಂಡು ಗಿರಿಜಾ ಕೂತಳು. ಪೆನಾಂಗಿನ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ, ಏಕೆಂದರೆ ನಾನು ನೋಡಿದ ಪೆನಾಂಗ್ ಹನ್ನೆರಡು ಅಡಿ ಉದ್ದ, ಎಂಟು ಅಡಿ ಎತ್ತರ ಇತ್ತು.

ಹಳೆಯ ಪತ್ರಿಕೆಯೊಂದರಿಂದ ಯಾವನೋ ಮೀಸೆಯ ಮನುಷ್ಯನ ಚಿತ್ರ ತೆಗೆದುಕೊಂಡು ಅದರ ಮೇಲೆ ಚೌಕಳಿ ಹಾಕಿದೆ. ಹಲಗೆಯ ಮೇಲೆ ದೊಡ್ಡ ಚೌಕಳಿ ಹಾಕಿದೆ. ಸಣ್ಣ ಚೌಕದಲ್ಲಿದ್ದದ್ದನ್ನು ದೊಡ್ಡ ಚೌಕದಲ್ಲಿ ತುಂಬುತ್ತ ಹೋದರೆ ಹೆಸರುಕಾಳು ಆರಿಸುವವನಿಗೂ ಮುಖ ಬರುತ್ತದೆ. ನನಗೂ ಬಂತು. ಗಲ್ಲ ಸ್ವಲ್ಪ ಊದಿಕೊಂಡಿತು, ಹಲ್ಲುನೋವಿನ ಹೀರೋ ಆದ. ಒಂದು ಕಿವಿ ಮೇಲೆ ಹೋಯಿತು, ಅದನ್ನು ಕೂದಲಿನಲ್ಲಿ ಮುಚ್ಚಿದೆ. ಕೂದಲು ಹೆಚ್ಚಾಯಿತು, ಅದಕ್ಕೆ ಹಿಂದೆ ಬಿರುಗಾಳಿಯ ಆಕಾಶ ಹಾಕಿದೆ. ಆಕಾಶ ಮಾತ್ರ ಅದ್ಭುತವಾಗಿತ್ತು. ಹಣೆಯಿಂದ ಒಂದು ಗೆರೆ ರಕ್ತ ಇಳಿಸಿದಾಗ ಕೆಳಗೆ ನಿಂತವರು ಚಪ್ಪಾಳೆ ಹೊಡೆದರು. ಆ ಗೆರೆಯನ್ನು ನೋಡಿದ್ದರೆ ಈಶ್ವರಾಚಾರ್ರೂ ಏನೂ ಹೇಳುತ್ತಿರಲಿಲ್ಲ.

ಸಂಜೆಗೆ ಎಲ್ಲ ಮುಗಿದು ಕಣ್ಣಿನ ಜಾಗದಲ್ಲಿ ಎರಡು ಬಿಳಿ ಗುಳಿ ಉಳಿದವು. ಸೆಲ್ವಂ ಕತ್ತೆತ್ತಿ ಕಾದ. ಆಗ ನನಗೆ ಹೊಳೆದ ಉಪಾಯವನ್ನು ನಾನೇ ಮೆಚ್ಚಿಕೊಂಡೆ. ನಮ್ಮ ಪದ್ಧತಿಯಲ್ಲಿ ಕಣ್ಣು ಬಿಡಿಸುವುದು ಶುಕ್ರವಾರ, ಕಾಯಿ ಒಡೆದ ಮೇಲೆ, ಒಳ್ಳೆಯ ಹೊತ್ತು ನೋಡಿ ಎಂದೆ. ನಾಳೆ ಒಂಬತ್ತಕ್ಕೆ ನಮ್ಮ ಬಸ್ಸು ಹೊರಡುತ್ತದೆ, ಅಷ್ಟರೊಳಗೆ ಮುಹೂರ್ತ ಕೂಡಿಬರುವುದಿಲ್ಲ, ಏನು ಮಾಡುವುದು, ನಿಮ್ಮ ಊರಿನ ಯಾರಾದರೂ ಮುಗಿಸಲಿ ಎಂದು ತುಂಬ ದುಃಖದ ಮುಖ ಮಾಡಿದೆ.

ಗಿರಿಜಾ ಆಗಲೇ ಮೊಬೈಲಿನಲ್ಲಿ ಪಂಚಾಂಗ ತೆಗೆದಿದ್ದಳು. "ಇಲ್ಲಿ ಎಂಟು ಗಂಟೆ ಅಂದ್ರೆ ಊರಲ್ಲಿ ಐದೂವರೆ. ಬೆಳಗಿನ ಜಾವ. ಇದಕ್ಕಿಂತ ಒಳ್ಳೆ ಹೊತ್ತು ಯಾವ್ದೈತೆ?"

"ಮುಹೂರ್ತ ಇಲ್ಲೀದು ನೋಡಬೇಕು ಕಣೆ. ನಾವು ಇರೋದು ಇಲ್ಲಿ."

"ಬ್ಯಾನರ್ ಪದ್ಧತಿ ಯಾವೂರಿದು? ನಮ್ಮೂರಿದು. ಹೊತ್ತೂ ನಮ್ಮೂರಿದೇ ಆಗ್ಬೇಕು."

ಸೆಲ್ವಂಗೆ ಇದು ಪೂರ್ತಿ ತಿಳಿಯಲಿಲ್ಲ, ಆದರೆ ಎಂಟು ಗಂಟೆ ಎನ್ನುವುದು ತಿಳಿಯಿತು. ಕಾಯಿ, ಕರ್ಪೂರ ತರಿಸಲು ಹೇಳಿ ನನ್ನ ಬೆನ್ನು ತಟ್ಟಿದ.

ಶುಕ್ರವಾರ ಬೆಳಿಗ್ಗೆ

ಎಂಟಕ್ಕೆ ಹೋದರೆ ಜಾತ್ರೆಯಷ್ಟು ಜನ. ಸುದ್ದಿ ತಿಳಿದ ನಮ್ಮ ತಂಡದ ನಲವತ್ತು ಮಂದಿ ಸಾಮಾನು ಬಸ್ಸಿಗೆ ಹಾಕಿ ಇಲ್ಲಿಗೇ ಬಂದಿದ್ದರು. ಬಸ್ಸಿನ ಡ್ರೈವರ್ ಬಂದಿದ್ದ. ಸೆಲ್ವಂನ ಹೆಂಡತಿ ತಟ್ಟೆಯಲ್ಲಿ ಹೂವು, ಕುಂಕುಮ ತಂದಿದ್ದಳು. ಸೆಲ್ವಂ ಕಾಯಿ ಒಡೆದ. ನನ್ನ ಹೆಂಡತಿ ಹಸಿರು ಸೀರೆ ಉಟ್ಟು ಎಲ್ಲರ ಮುಂದೆ ಮೊಬೈಲು ಎತ್ತಿ ಹಿಡಿದು ನಿಂತಿದ್ದಳು. ವಿಡಿಯೋ ಹೊಸಬಾಳೆಗೆ, ಅವಳ ಅಕ್ಕನಿಗೆ ಹೋಗಬೇಕಿತ್ತು.

ಪದ್ಧತಿಯ ಪ್ರಕಾರ ಯಾರೂ ನೋಡುವಂತಿಲ್ಲ ಎಂದೆ. ಆ ಒಂದು ಮಾತಾದರೂ ಸತ್ಯವಾಗಿತ್ತು. ಜನರೆಲ್ಲ ಬೆನ್ನು ತಿರುಗಿಸಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ಅಟ್ಟಣೆಯ ಮೇಲೆ ನಾನು, ಆ ಮುಖ, ಇಬ್ಬರೇ.

ನೀಲಿ ಸೀಮೆಸುಣ್ಣದಲ್ಲಿ ಬಿಡಿಸಿ ನೋಡಿದೆ. ಒಂದು ಕಣ್ಣು ಶಿಕಾರಿಪುರ ನೋಡಿದರೆ ಇನ್ನೊಂದು ಸೊರಬ ನೋಡುತ್ತಿತ್ತು. ಒರೆಸಿದೆ. ಇನ್ನೊಮ್ಮೆ ಬಿಡಿಸಿದೆ. ಈ ಸಲ ಎರಡೂ ಒಂದೇ ಕಡೆ ನೋಡಿದವು, ಆದರೆ ಸತ್ತವನ ಕಣ್ಣು. ಅದನ್ನೂ ಒರೆಸಿದೆ. ಕೆಳಗೆ ಹಸಿರು ಸೀರೆಯ ಬೆನ್ನು ಕಾಣುತ್ತಿತ್ತು. ಮೂವತ್ತೆರಡು ವರ್ಷ ನಂಬಿದವಳು ಇನ್ನು ಹತ್ತು ನಿಮಿಷದಲ್ಲಿ ತಿರುಗುತ್ತಾಳೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಅಟ್ಟಣೆಯಿಂದ ಹಿಂದಕ್ಕೆ ಇಳಿದು ಓಡಿಹೋಗಲು ದಾರಿ ಇದೆಯೇ ಎಂದೂ ನೋಡಿದೆ. ಅಲ್ಲಿ ಚರಂಡಿ ಇತ್ತು.

ಆಮೇಲೆ ಕಪ್ಪು ಬಣ್ಣದ ಡಬ್ಬಿ ಕಂಡಿತು. ಹೀರೋಗೆ ಕೂಲಿಂಗ್ ಗ್ಲಾಸ್ ಹಾಕಿದೆ.

ಅಗಲವಾದ, ಕಿವಿಯವರೆಗೆ ಬರುವ, ಹಳೆಯ ಕಾಲದ ಕೂಲಿಂಗ್ ಗ್ಲಾಸ್. ಎರಡೂ ಗಾಜಿಗೆ ಓರೆಯಾಗಿ ಒಂದೊಂದು ಬಿಳಿ ಗೆರೆ ಎಳೆದು ಮಿಂಚು ಕೊಟ್ಟೆ. ಊದಿದ ಗಲ್ಲಕ್ಕೂ ಈಗ ಒಂದು ಠೀವಿ ಬಂತು. ತಿರುಗಿ ಎಂದೆ. ಮೊದಲು ಬಸ್ಸಿನ ಡ್ರೈವರ್ ಸಿಳ್ಳೆ ಹೊಡೆದ. ಪುಣೆಯ ಡೀಲರುಗಳು ಚಿಲ್ಲರೆ ಕಾಸು ತೂರಿದರು. ಸೆಲ್ವಂ "ಸ್ಟೈಲ್, ಸ್ಟೈಲ್" ಎನ್ನುತ್ತ ಕಣ್ಣೊರೆಸಿಕೊಂಡ. ಗಿರಿಜಾ ಒಂದು ಕೈಯಲ್ಲಿ ಮೊಬೈಲು ಹಿಡಿದು, ಇನ್ನೊಂದು ಕೈಯಲ್ಲಿ ಸೆಲ್ವಂನ ಹೆಂಡತಿಗೆ ನನ್ನನ್ನು ತೋರಿಸುತ್ತಿದ್ದಳು. ಅವಳ ಮುಖ ಹೊಸಬಾಳೆಯ ಪಡಸಾಲೆಯಲ್ಲಿ ಬೆಳಗಿದ ಹಾಗೆಯೇ ಬೆಳಗಿತ್ತು.

ನಾನು ಗೆದ್ದಿದ್ದೆ. ಇನ್ನು ಯಾರಿಗೂ ಎಂದಿಗೂ ತಿಳಿಯುವಂತಿರಲಿಲ್ಲ. ಆ ಚಪ್ಪಾಳೆಯ ನಡುವೆ ನನಗೆ ಬಂದ ನಾಚಿಕೆ ಹಿಂದೆಂದೂ ಬಂದಿರಲಿಲ್ಲ. ಈಶ್ವರಾಚಾರ್ರ ಹೆಸರನ್ನು ನಮ್ಮೂರಿನಲ್ಲೇ ಈಗ ಹೇಳುವವರಿಲ್ಲ. ಅವರ ಬ್ಯಾನರುಗಳೆಲ್ಲ ಹುಲ್ಲಿನ ಬಣವೆಗೆ ಹೊದಿಕೆಯಾಗಿ ಹರಿದುಹೋದವು. ಅವರ ಕಣ್ಣುಗಳ ಮೇಲೆ ನಾನು ಮೂವತ್ತೆರಡು ವರ್ಷ ಸಂಸಾರ ಮಾಡಿದ್ದೆ.

ಸೆಲ್ವಂ ಕೆಳಗಿನ ಮೂಲೆ ತೋರಿಸಿ ಸಹಿ ಹಾಕಿ ಎಂದ. ನಿಮ್ಮ ಭಾಷೆಯಲ್ಲೇ ಹಾಕಿ ಎಂದ.

ಸಣ್ಣ ಬ್ರಷ್ಷು ತೆಗೆದುಕೊಂಡೆ. ಅಕ್ಷರಕ್ಕೆ ನನಗೆ ಚೌಕಳಿ ಬೇಕಿರಲಿಲ್ಲ. ಕೆಂಪಿನಲ್ಲಿ ಬರೆದು, ಹಳದಿ ಅಂಚು ಕೊಟ್ಟು, ಎಡಕ್ಕೆ ಕಪ್ಪು ನೆರಳು ಬೀಳಿಸಿದೆ.

"ಕಣ್ಣು ಬಿಡಿಸುತ್ತಿದ್ದವರು ಈಶ್ವರಾಚಾರ್, ಶಿಕಾರಿಪುರ. ನಾನು ಅಕ್ಷರ ಮತ್ತು ರಕ್ತದವನು. ಹಾಲೇಶಪ್ಪ."

ಕ್ಯಾಮೆರಾ ಹಿಡಿದೇ ಗಿರಿಜಾ ಹತ್ತಿರ ಬಂದಳು. ಅಲ್ಲಿ ಅದನ್ನು ಓದಬಲ್ಲವಳು ಅವಳೊಬ್ಬಳೇ. ಶಾಲೆಯ ಹುಡುಗಿಯ ಹಾಗೆ ಒಂದೊಂದೇ ಪದ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು. ಮೊದಲ ಸಾಲು ಮುಗಿದಾಗ ನಿಂತಳು. ಎರಡನೆಯದನ್ನು ಸಣ್ಣ ದನಿಯಲ್ಲಿ ಓದಿದಳು. ಏನು ಬರೆದಿದೆ ಎಂದು ಸೆಲ್ವಂ ಅವಳನ್ನು ಕೇಳಿದ.

"ನೇಮ್," ಎಂದಳು. ಆಮೇಲೆ ಎರಡು ಬೆರಳು ಎತ್ತಿ, "ಟೂ ನೇಮ್," ಎಂದಳು.

ಪೆನಾಂಗಿನ ಸೇತುವೆ

ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಹಿಂದಿನ ಸಾಲಿನಲ್ಲಿ ಪುಣೆಯ ಡೀಲರೊಬ್ಬರ ಹೆಂಡತಿಯ ಜೊತೆ ಕೂತಳು. ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಆದ್ದರಿಂದ ಅದು ಮಾತಾಡುವುದಕ್ಕಾಗಿ ಅಲ್ಲ ಎನ್ನುವುದು ನನಗೆ ತಿಳಿಯಿತು. ಸಮುದ್ರದ ಮೇಲಿನ ಆ ಸೇತುವೆಯನ್ನು ನೋಡಲು ಜನ ದೂರದಿಂದ ಬರುತ್ತಾರಂತೆ. ನಾನು ಮುಂದಿನ ಸೀಟಿನ ಬಟ್ಟೆ ನೋಡುತ್ತ ಅದನ್ನು ದಾಟಿದೆ.

ದಾಟಿ ಎಷ್ಟೋ ಹೊತ್ತಾದ ಮೇಲೆ ಬಂದು ಪಕ್ಕದಲ್ಲಿ ಕೂತಳು. ಮುಖ ಕಿಟಕಿಯ ಕಡೆ ಇತ್ತು.

"ಬೇರೆ ಏನಾದ್ರೂ ಐತಾ, ಹೇಳದೆ ಇರೋದು?"

"ಇಲ್ಲ. ಇದೊಂದೇ."

"ನಮ್ಮಕ್ಕನ ಹತ್ರ ನಾ ಎಷ್ಟು ಸಲ ಹೇಳೀನಿ ಗೊತ್ತಾ? ನೀವು ಅಲ್ಲೇ ಕೂತಿರ್ತಿದ್ರಿ."

"ಗೊತ್ತೈತಿ. ತಪ್ಪಾತು."

ಅವಳು ಮೊಬೈಲು ತೆಗೆದು ವಿಡಿಯೋ ಹಾಕಿದಳು. ಕಾಯಿ ಒಡೆದದ್ದು, ಸಿಳ್ಳೆ, ಚಪ್ಪಾಳೆ ಎಲ್ಲ ಹೋಯಿತು. ನಾನು ಸಹಿ ಬರೆಯುವ ಜಾಗಕ್ಕೆ ಬಂದಾಗ ನಿಲ್ಲಿಸಿ, ಎರಡು ಬೆರಳಿನಲ್ಲಿ ದೊಡ್ಡದು ಮಾಡಿ, ತುಂಬ ಹೊತ್ತು ನೋಡಿದಳು.

"ಇದನ್ನ ಬರೆಯೋವಾಗ ಕೈ ನಡುಗಲಿಲ್ಲ ನೋಡಿ," ಎಂದಳು. "ನಿನ್ನೆ ಇಡೀ ದಿನ ನಡುಗ್ತಿತ್ತು. ಕೆಳಗೆ ಕೂತು ನೋಡಿ, ಇವ್ರಿಗೆ ವಯಸ್ಸಾತು ಅಂತ ನಂಗೆ ಅಳು ಬಂದಿತ್ತು."

ಆಮೇಲೆ ಅಕ್ಕನ ಹೆಸರು ಹುಡುಕಿದಳು. ಕೊನೆಯಲ್ಲಿ ತಾನು ಗಟ್ಟಿಯಾಗಿ ಓದಿದ ಭಾಗವನ್ನು ಕತ್ತರಿಸಬಹುದಿತ್ತು, ಅದು ಅವಳಿಗೆ ಬರುತ್ತದೆ. ಕತ್ತರಿಸಲಿಲ್ಲ. ಪೂರ್ತಿ ವಿಡಿಯೋ ಹೊಸಬಾಳೆಗೆ ಕಳಿಸಿದಳು.